ಮೃತ ದಾನಿಯ ಕಿಡ್ನಿಗೆ ಹೆಸರು ಬರೆಸುವುದು ಹೇಗೆ? ನೋಂದಣಿಯಿಂದ ಕಸಿಯ ನಂತರದವರೆಗೆ

"ಮನೆಯಲ್ಲಿ ಯಾರ ಕಿಡ್ನಿಯೂ ಹೊಂದುತ್ತಿಲ್ಲ. ಪಟ್ಟಿಯಲ್ಲಿ ಹೆಸರು ಬರೆಸೋದು ಎಲ್ಲಿ?" "ಹೆಸರು ಬರೆಸಿ ಎರಡು ವರ್ಷ ಆಯ್ತು, ಯಾಕೆ ಇನ್ನೂ ಯಾರೂ ಕರೆದಿಲ್ಲ?" ಡಯಾಲಿಸಿಸ್ ಮಾಡಿಸಿಕೊಳ್ಳುವವರು ಮತ್ತು ಅವರ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಎರಡಕ್ಕೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಕರ್ನಾಟಕದಲ್ಲಿ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಬೇರೆ ರಾಜ್ಯದಲ್ಲಿರುವ ಕನ್ನಡಿಗರಿಗೂ ಇದರಲ್ಲಿ ಹೆಚ್ಚಿನದು ಹೊಂದುತ್ತದೆ. ಕಚೇರಿಯ ಹೆಸರು ಮಾತ್ರ ಬೇರೆ ಇರುತ್ತದೆ.

ಶುರುವಿನಲ್ಲೇ ಒಂದು ಮಾತು. ಪಟ್ಟಿಯಲ್ಲಿ ನಿಮ್ಮ ನಂಬರ್ ಎಷ್ಟು ಎಂಬುದು ನಿಮ್ಮ ಕೈಯಲ್ಲಿಲ್ಲ. ಆದರೆ ಇವತ್ತು ರಾತ್ರಿ ಫೋನ್ ಬಂದರೆ ಹೊರಡಲು ನೀವು ತಯಾರಿದ್ದೀರಾ ಎಂಬುದು ನಿಮ್ಮ ಕೈಯಲ್ಲಿದೆ. ಸರದಿ ಬಂದಾಗ ರಿಪೋರ್ಟ್ ಹಳೆಯದಾಗಿತ್ತು, ಫೋನ್ ಸ್ವಿಚ್ ಆಫ್ ಇತ್ತು, ಕಾಲಿನ ಗಾಯ ಕೀವಾಗಿತ್ತು ಎಂಬ ಕಾರಣಕ್ಕೆ ಅವಕಾಶ ಕೈತಪ್ಪಬಾರದು. ಈ ಲೇಖನದ ಬಹುಪಾಲು ಅದರ ಬಗ್ಗೆಯೇ ಇದೆ.

ಮೊದಲು ತಿಳಿದಿರಬೇಕಾದ ನಾಲ್ಕು ಮಾತು

ಮೃತ ದಾನಿ ಎಂದರೆ ಯಾರು? ಹೆಚ್ಚಾಗಿ ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು ಅಥವಾ ಮಿದುಳಿನಲ್ಲಿ ರಕ್ತಸ್ರಾವ ಆದವರು. ಅವರ ಮಿದುಳು ಪೂರ್ತಿ ಸತ್ತಿರುತ್ತದೆ, ಮತ್ತೆ ಚೇತರಿಸಿಕೊಳ್ಳುವುದಿಲ್ಲ. ವೆಂಟಿಲೇಟರ್ ನೆರವಿನಿಂದ ಹೃದಯ ಮಾತ್ರ ಸ್ವಲ್ಪ ಕಾಲ ಬಡಿಯುತ್ತಿರುತ್ತದೆ. ನಾಲ್ವರು ವೈದ್ಯರ ತಂಡ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಇದನ್ನು ಖಚಿತಪಡಿಸಬೇಕು. ಕಸಿ ಮಾಡುವ ವೈದ್ಯರು ಈ ತಂಡದಲ್ಲಿ ಇರುವಂತಿಲ್ಲ. ಆಮೇಲೆ ಮನೆಯವರು ಒಪ್ಪಿದರೆ ಮಾತ್ರ ದಾನ. ಇದೆಲ್ಲ 1994ರ ಅಂಗಾಂಗ ಕಸಿ ಕಾಯ್ದೆ ಮತ್ತು 2014ರ ನಿಯಮಗಳ ಪ್ರಕಾರ ನಡೆಯುತ್ತದೆ.

ಯಾರಿಗೆ ಕೊಡಬೇಕೆಂದು ನೋಡಿಕೊಳ್ಳುವವರು ಯಾರು? ಕರ್ನಾಟಕದಲ್ಲಿ 'ಜೀವಸಾರ್ಥಕತೆ'. ಇದು ರಾಜ್ಯ ಸರ್ಕಾರದ ಅಡಿಯ ಸಂಸ್ಥೆ. ಹಳೆಯ ರೋಗಿಗಳು ಇದನ್ನು ಈಗಲೂ ಜೆಡ್‌ಸಿಸಿಕೆ ಎಂಬ ಹಿಂದಿನ ಹೆಸರಿನಿಂದ ಕರೆಯುವುದುಂಟು. ಇಡೀ ದೇಶಕ್ಕೆ ದೆಹಲಿಯಲ್ಲಿ 'ನೊಟ್ಟೊ' ಎಂಬ ಸಂಸ್ಥೆ ಇದೆ. ದಕ್ಷಿಣದ ರಾಜ್ಯಗಳ ಪ್ರಾದೇಶಿಕ ಕಚೇರಿ ಚೆನ್ನೈನಲ್ಲಿದೆ.

ಎಷ್ಟು ಕಾಯಬೇಕು? ಖಚಿತವಾಗಿ ಯಾರೂ ಹೇಳಲಾರರು. ಹೇಳಿದವರನ್ನು ನಂಬಬೇಡಿ. 2023ರಲ್ಲಿ ಕರ್ನಾಟಕದಲ್ಲಿ 178 ಮೃತ ದಾನಿಗಳಿಂದ ಅಂಗಾಂಗ ದಾನವಾಯಿತು. ಒಬ್ಬ ದಾನಿಯಿಂದ ಸಿಗುವುದು ಹೆಚ್ಚೆಂದರೆ ಎರಡು ಕಿಡ್ನಿ. ಕಾಯುವವರು ಸಾವಿರಗಟ್ಟಲೆ ಇದ್ದಾರೆ. ಆದ್ದರಿಂದ ತಿಂಗಳುಗಳಲ್ಲ, ವರ್ಷಗಳ ಲೆಕ್ಕದಲ್ಲಿ ಮನಸ್ಸನ್ನು ಸಿದ್ಧ ಮಾಡಿಕೊಳ್ಳಿ.

ಪಟ್ಟಿಗೆ ಸೇರಿದರೆ ಮನೆಯವರ ಕಿಡ್ನಿ ಪಡೆಯುವ ದಾರಿ ಮುಚ್ಚಿಹೋಗುತ್ತದಾ? ಇಲ್ಲ. ಎರಡೂ ದಾರಿ ತೆರೆದೇ ಇರುತ್ತವೆ. ಯಾವುದು ಮೊದಲು ಕೂಡಿಬರುತ್ತದೋ ಅದು.

ಹಂತ 1: ನೀವು ಕಸಿಗೆ ಅರ್ಹರೇ ಎಂದು ಕೇಳಿ

ಕಿಡ್ನಿ ಕಾಯಿಲೆಯ ಕೊನೆಯ ಹಂತ, ಅಂದರೆ ಐದನೇ ಹಂತ ತಲುಪಿದವರಿಗೆ ಕಸಿ ಬೇಕಾಗುತ್ತದೆ. ಮೃತ ದಾನಿಯ ಪಟ್ಟಿಗೆ ಸೇರಲು ನಿಯಮಿತವಾಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾ 3 ತಿಂಗಳಾಗಿರಬೇಕು ಎಂದು ನೊಟ್ಟೊ ನಿಯಮ ಹೇಳುತ್ತದೆ.

ವಯಸ್ಸಿನ ವಿಷಯದಲ್ಲಿ ತುಂಬ ಜನ ಹಳೆಯ ಮಾಹಿತಿ ನಂಬಿಕೊಂಡು ಸುಮ್ಮನಾಗಿಬಿಡುತ್ತಾರೆ. ಮೊದಲು 65 ವರ್ಷ ದಾಟಿದವರಿಗೆ ಮೃತ ದಾನಿಯ ಪಟ್ಟಿಯಲ್ಲಿ ಹೆಸರು ಬರೆಸಲು ಅವಕಾಶ ಇರಲಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಆ ಮಿತಿ ತೆಗೆದುಹಾಕಿತು. ಈಗ ಯಾವ ವಯಸ್ಸಿನವರೂ ಹೆಸರು ಬರೆಸಬಹುದು. ದೇಹ ಶಸ್ತ್ರಚಿಕಿತ್ಸೆ ತಡೆಯುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಆಗಲೇ ಇನ್ನೊಂದು ಬದಲಾವಣೆಯೂ ಆಯಿತು. ಇದೇ ರಾಜ್ಯದ ನಿವಾಸಿ ಎಂಬ ಪ್ರಮಾಣಪತ್ರ ಕೇಳಬಾರದು, ನೋಂದಣಿಗೆ ಶುಲ್ಕ ತೆಗೆದುಕೊಳ್ಳಬಾರದು ಎಂದು ಕೇಂದ್ರವು ರಾಜ್ಯಗಳಿಗೆ ತಿಳಿಸಿತು.

ಸದ್ಯಕ್ಕೆ ಬೇಡ ಎನ್ನುವ ಸಂದರ್ಭಗಳೂ ಇವೆ. ಕ್ಷಯ ಅಥವಾ ಬೇರೆ ಸೋಂಕು ಇದ್ದರೆ ಅದು ಪೂರ್ತಿ ವಾಸಿಯಾಗಬೇಕು. ಕ್ಯಾನ್ಸರ್ ಆಗಿ ಗುಣವಾಗಿದ್ದರೂ ಕೆಲವು ವರ್ಷ ಕಾಯಿಸುತ್ತಾರೆ. ಹೃದಯ ತೀರಾ ಬಲಹೀನವಾಗಿದ್ದರೆ ಮೊದಲು ಅದರ ಚಿಕಿತ್ಸೆ. "ಈಗ ಆಗಲ್ಲ" ಎಂದರೆ "ಯಾವತ್ತೂ ಆಗಲ್ಲ" ಎಂದು ತಿಳಿಯಬೇಡಿ. ಏನು ಸರಿಹೋದರೆ ಆಗುತ್ತದೆ ಎಂದು ನಿಮ್ಮ ನೆಫ್ರಾಲಜಿಸ್ಟ್, ಅಂದರೆ ಕಿಡ್ನಿ ತಜ್ಞರನ್ನು ಬಿಡಿಸಿ ಕೇಳಿ.

ಹಂತ 2: ಆಸ್ಪತ್ರೆ ಆರಿಸಿ

ಜೀವಸಾರ್ಥಕತೆಗೆ ನೀವು ನೇರವಾಗಿ ಹೋಗಿ ಹೆಸರು ಬರೆಸಲು ಆಗುವುದಿಲ್ಲ. ಕಸಿಗೆ ಪರವಾನಗಿ ಇರುವ ಆಸ್ಪತ್ರೆಯ ಮೂಲಕವೇ ನೋಂದಣಿ ಆಗಬೇಕು. ಬೆಂಗಳೂರಿನಲ್ಲಿ ಇಂಥ ಆಸ್ಪತ್ರೆಗಳು ಹಲವಾರಿವೆ. ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ಸರ್ಕಾರಿ ನೆಫ್ರೋ ಯೂರಾಲಜಿ ಸಂಸ್ಥೆಯಲ್ಲೂ ಕಸಿ ನಡೆಯುತ್ತದೆ. ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿಯಲ್ಲೂ ಪರವಾನಗಿ ಪಡೆದ ಆಸ್ಪತ್ರೆಗಳಿವೆ.

ಒಬ್ಬರು ಒಂದು ಆಸ್ಪತ್ರೆಯಲ್ಲಿ ಮಾತ್ರ ಹೆಸರು ಬರೆಸಬಹುದು. ಎರಡು ಮೂರು ಕಡೆ ಬರೆಸಿದರೆ ಬೇಗ ಸಿಗುತ್ತದೆ ಎಂಬ ಆಸೆ ಬೇಡ. ಹಾಗಾಗಿ ಆರಿಸುವ ಮುಂಚೆ ಈ ವಿಷಯಗಳನ್ನು ಕೇಳಿ ಬರೆದಿಟ್ಟುಕೊಳ್ಳಿ:

- ಇಲ್ಲಿ ಮೃತ ದಾನಿಯ ಕಿಡ್ನಿ ಕಸಿ ಎಷ್ಟು ನಡೆಯುತ್ತವೆ? ಕೆಲವು ಕಡೆ ಮನೆಯವರ ಕಿಡ್ನಿ ಕಸಿಯೇ ಹೆಚ್ಚು.
- ಈ ಆಸ್ಪತ್ರೆಯ ಪಟ್ಟಿಯಲ್ಲಿ ನನ್ನ ರಕ್ತದ ಗುಂಪಿನವರು ಎಷ್ಟು ಜನ ಇದ್ದಾರೆ?
- ಒಟ್ಟು ಖರ್ಚು ಎಷ್ಟು? ಸರ್ಕಾರಿ ಯೋಜನೆ ಇಲ್ಲಿ ಅನ್ವಯಿಸುತ್ತದಾ?
- ಮುಂದೆ ಆಸ್ಪತ್ರೆ ಬದಲಿಸಿದರೆ ನನ್ನ ಹಿರಿತನ ಏನಾಗುತ್ತದೆ?

ಆಸ್ಪತ್ರೆಯ ಪಟ್ಟಿಯ ಬಗ್ಗೆ ಕೇಳಿ ಎಂದದ್ದಕ್ಕೆ ಕಾರಣ ಇದೆ. ಸಾಮಾನ್ಯವಾಗಿ ದಾನಿ ಇದ್ದ ಆಸ್ಪತ್ರೆಯಲ್ಲೇ ಕಸಿ ನಡೆಯುವುದಾದರೆ ಒಂದು ಕಿಡ್ನಿ ಆ ಆಸ್ಪತ್ರೆಯ ರೋಗಿಗೆ ಹೋಗುತ್ತದೆ, ಇನ್ನೊಂದು ಸಾಮಾನ್ಯ ಪಟ್ಟಿಗೆ ಬರುತ್ತದೆ. ದಾನಿಗಳು ಹೆಚ್ಚು ಸಿಗುವ ದೊಡ್ಡ ಆಸ್ಪತ್ರೆಗೆ ಅನುಕೂಲ ಇರುವುದು ನಿಜ. ಆದರೆ ಅಲ್ಲಿ ಕಾಯುವವರೂ ಜಾಸ್ತಿ.

ದೂರವನ್ನೂ ಲೆಕ್ಕ ಹಾಕಿ. ಬೀದರಿನಲ್ಲಿ ಇರುವವರು ಬೆಂಗಳೂರಿನಲ್ಲಿ ಹೆಸರು ಬರೆಸಿದರೆ ಕರೆ ಬಂದ ರಾತ್ರಿ ಹೇಗೆ ತಲುಪುತ್ತೀರಿ? ಕಸಿಯಾದ ಮೇಲೆ ಮೊದಲ ತಿಂಗಳುಗಳಲ್ಲಿ ವಾರ ವಾರ ತಪಾಸಣೆಗೆ ಹೇಗೆ ಬರುತ್ತೀರಿ? ಹತ್ತಿರದ ಊರಿನಲ್ಲಿ ಒಳ್ಳೆಯ ಆಸ್ಪತ್ರೆ ಇದ್ದರೆ ದೊಡ್ಡ ಹೆಸರಿಗಿಂತ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಹಂತ 3: ಪರೀಕ್ಷೆಗಳು

ಈ ಹಂತಕ್ಕೆ ಕೆಲವು ವಾರ ಹಿಡಿಯುತ್ತದೆ. ರಕ್ತದ ಗುಂಪು, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಎದೆಯ ಎಕ್ಸ್‌ರೇ, ಇಸಿಜಿ, ಎಕೋ, ಹೊಟ್ಟೆಯ ಸ್ಕ್ಯಾನ್ ಎಲ್ಲರಿಗೂ ಇರುತ್ತವೆ. ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ ಹೃದಯದ ರಕ್ತನಾಳಗಳ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಹಲ್ಲಿನ ವೈದ್ಯರ ಹತ್ತಿರವೂ ಕಳಿಸುತ್ತಾರೆ. ಹಲ್ಲಿಗೂ ಕಿಡ್ನಿಗೂ ಏನು ಸಂಬಂಧ ಎಂದು ಅದನ್ನು ಬಿಟ್ಟುಬಿಡಬೇಡಿ. ಕಸಿಯಾದ ಮೇಲೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಕೊಡುತ್ತಾರೆ. ಆಗ ಹುಳುಕು ಹಲ್ಲಿನ ಸೋಂಕು ಕೂಡ ರಕ್ತಕ್ಕೆ ಇಳಿದು ಜೀವಕ್ಕೆ ಕುತ್ತು ತರಬಹುದು.

ಮೂರು ಹೆಸರುಗಳು ನಿಮ್ಮ ಕಿವಿಗೆ ಪದೇ ಪದೇ ಬೀಳುತ್ತವೆ. ಅವು ಇಷ್ಟೇ:

ಎಚ್‌ಎಲ್‌ಎ: ನಿಮ್ಮ ಜೀವಕೋಶಗಳ ಮೇಲಿರುವ ಗುರುತು. ದಾನಿಯ ಗುರುತಿಗೆ ಎಷ್ಟು ಹತ್ತಿರವಾಗಿದ್ದರೆ ಅಷ್ಟು ಒಳ್ಳೆಯದು.

ಪಿಆರ್‌ಎ: ಬೇರೆಯವರ ಜೀವಕೋಶಗಳ ವಿರುದ್ಧ ನಿಮ್ಮ ರಕ್ತದಲ್ಲಿ ಪ್ರತಿಕಾಯಗಳು ಎಷ್ಟಿವೆ ಎಂಬ ಅಳತೆ. ಇದನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಇದು ಹೆಚ್ಚಿದ್ದರೆ ಹೊಂದುವ ಕಿಡ್ನಿ ಸಿಗುವುದು ಕಷ್ಟ.

ಕ್ರಾಸ್‌ಮ್ಯಾಚ್: ದಾನಿ ಸಿಕ್ಕಾಗ ಅವರ ಜೀವಕೋಶ ಮತ್ತು ನಿಮ್ಮ ರಕ್ತವನ್ನು ಸೇರಿಸಿ ನೋಡುವ ಪರೀಕ್ಷೆ. ನೆಗೆಟಿವ್ ಬಂದರೆ ಕಸಿ ಮಾಡಬಹುದು. ಇಲ್ಲಿ ನೆಗೆಟಿವ್ ಎಂದರೆ ಒಳ್ಳೆಯ ಸುದ್ದಿ.

ಎಚ್ಚರಿಕೆ: ರಕ್ತ ಹಾಕಿಸಿಕೊಂಡರೆ ಪಿಆರ್‌ಎ ಏರಬಹುದು. ಡಯಾಲಿಸಿಸ್‌ನಲ್ಲಿರುವವರಿಗೆ ಹಿಮೋಗ್ಲೋಬಿನ್ ಇಳಿಯುವುದು ಸಾಮಾನ್ಯ. ಆಗ ಸುಸ್ತು ಎಂದು ಒಂದು ಬಾಟಲಿ ರಕ್ತ ಹಾಕಿಸಿಕೊಂಡು ಬಿಡುವ ರೂಢಿ ನಮ್ಮಲ್ಲಿದೆ. ಪಟ್ಟಿಯಲ್ಲಿರುವವರು ಹೀಗೆ ಮಾಡುವ ಮೊದಲು ಎಪೋ ಇಂಜೆಕ್ಷನ್, ಐರನ್ ಇಂಜೆಕ್ಷನ್‌ನಿಂದ ಸರಿಹೋಗುತ್ತದಾ ಎಂದು ಕೇಳಿ. ಎಪೋ ಎಂದರೆ ದೇಹದಲ್ಲಿ ಕೆಂಪು ರಕ್ತಕಣ ಹೆಚ್ಚಿಸುವ ಔಷಧಿ. ಜೀವ ಉಳಿಸಲು ರಕ್ತ ಬೇಕೇ ಬೇಕು ಎಂದಾದರೆ ಹಾಕಿಸಿಕೊಳ್ಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆಗ ಬಿಳಿ ರಕ್ತಕಣ ತೆಗೆದ ರಕ್ತ ಕೇಳಿ. ಕಸಿ ಆಸ್ಪತ್ರೆಗೂ ತಪ್ಪದೆ ತಿಳಿಸಿ. ಹಲವು ಸಲ ಬಸುರಾದ ಹೆಂಗಸರಲ್ಲಿ, ಹಿಂದೆ ಒಮ್ಮೆ ಕಸಿ ಆದವರಲ್ಲೂ ಪಿಆರ್‌ಎ ಹೆಚ್ಚಿರಬಹುದು. ಅದನ್ನೂ ಮುಚ್ಚಿಡದೆ ಹೇಳಿ.

ಲಸಿಕೆಗಳನ್ನೂ ಈಗಲೇ ಮುಗಿಸಿ. ಡಯಾಲಿಸಿಸ್‌ನಲ್ಲಿರುವವರಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ದುಪ್ಪಟ್ಟು ಪ್ರಮಾಣದಲ್ಲಿ ಕೊಡುತ್ತಾರೆ. ಎಲ್ಲ ಡೋಸ್ ಮುಗಿಯಲು 6 ತಿಂಗಳು ಬೇಕು. ನ್ಯುಮೋನಿಯಾ, ಫ್ಲೂ ಲಸಿಕೆಯೂ ಬೇಕು. ಸೀತಾಳೆ ಸಿಡುಬು (ಚಿಕನ್‌ಪಾಕ್ಸ್), ದಡಾರದ ಲಸಿಕೆಗಳಲ್ಲಿ ಜೀವಂತ ವೈರಾಣು ಇರುತ್ತದೆ. ಅವನ್ನು ಕಸಿಯಾದ ಮೇಲೆ ಕೊಡುವಂತಿಲ್ಲ. ಬೇಕಿದ್ದರೆ ಮೊದಲೇ ಆಗಬೇಕು.

ಹಂತ 4: ನೋಂದಣಿ

ಕಸಿ ಆಸ್ಪತ್ರೆಗಳಲ್ಲಿ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಎಂಬುವರು ಇರುತ್ತಾರೆ. ರೋಗಿ, ವೈದ್ಯರು, ಜೀವಸಾರ್ಥಕತೆ ಈ ಮೂವರ ನಡುವಿನ ಕೆಲಸವೆಲ್ಲ ಇವರದು. ಮುಂದಿನ ಕೆಲವು ವರ್ಷ ನೀವು ಅತಿ ಹೆಚ್ಚು ಮಾತಾಡುವುದು ಇವರ ಜೊತೆಗೇ.

ಆಧಾರ್, ಫೋಟೊ, ರಕ್ತದ ಗುಂಪಿನ ರಿಪೋರ್ಟ್, ಪರೀಕ್ಷೆಗಳ ಫೈಲ್, ಯೋಜನೆ ಪಡೆಯುವುದಾದರೆ ರೇಷನ್ ಕಾರ್ಡ್ ತೆಗೆದುಕೊಂಡು ಹೋಗಿ. ಇವುಗಳ ಜೊತೆ ತಪ್ಪದೆ ಬೇಕಾದದ್ದು ಡಯಾಲಿಸಿಸ್ ಶುರುವಾದ ದಿನದ ದಾಖಲೆ. ಯಾರಿಗೆ ಆದ್ಯತೆ ಎಂದು ಅಂಕ ಹಾಕುವಾಗ ಡಯಾಲಿಸಿಸ್‌ನಲ್ಲಿ ಎಷ್ಟು ಕಾಲ ಇದ್ದೀರಿ ಎಂಬುದು ದೊಡ್ಡ ಲೆಕ್ಕ. ಊರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರು ಮಾಡಿ ಆಮೇಲೆ ನಗರಕ್ಕೆ ಬಂದವರು ಮೊದಲ ದಿನದ ಚೀಟಿ ಕಳೆದುಕೊಂಡಿರುತ್ತಾರೆ. ಹಾಗಿದ್ದರೆ ಆ ಆಸ್ಪತ್ರೆಗೆ ಮತ್ತೆ ಹೋಗಿ ಪತ್ರ ಬರೆಸಿಕೊಂಡು ಬನ್ನಿ. ಒಂದು ದಿನದ ಓಡಾಟ ಆದರೂ ಪರವಾಗಿಲ್ಲ.

ಅಂಕ ಹಾಕುವಾಗ ಇನ್ನೂ ಕೆಲವನ್ನು ನೋಡುತ್ತಾರೆ. ಮಕ್ಕಳಿಗೆ ಆದ್ಯತೆ ಇದೆ. ಪಿಆರ್‌ಎ ಹೆಚ್ಚಿರುವವರಿಗೆ, ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡುವ ದಾರಿ) ವಿಫಲವಾಗಿ ಡಯಾಲಿಸಿಸ್‌ಗೆ ನರ ಸಿಗದವರಿಗೆ ಹೆಚ್ಚು ಅಂಕ ಸಿಗುತ್ತದೆ. ಹಿಂದೆ ಬೇರೆಯವರಿಗೆ ತಮ್ಮ ಕಿಡ್ನಿ ಕೊಟ್ಟು ಈಗ ತಮಗೇ ಬೇಕಾದವರಿಗೂ ಆದ್ಯತೆ ಇದೆ. ರಕ್ತದ ಗುಂಪಿನ ವಿಷಯದಲ್ಲಿ ಅದೇ ಗುಂಪಿನವರಿಗೆ ಮೊದಲ ಅವಕಾಶ. ಓ ಗುಂಪಿನವರು ಓ ಗುಂಪಿನ ಕಿಡ್ನಿಯನ್ನು ಮಾತ್ರ ಪಡೆಯಬಹುದಾದ್ದರಿಂದ ಅವರ ಕಾಯುವಿಕೆ ಹೆಚ್ಚಾಗಿ ಉದ್ದ.

ಕೆಲವು ಒಪ್ಪಿಗೆಗಳನ್ನು ಮೊದಲೇ ಕೇಳುತ್ತಾರೆ. ಅದರಲ್ಲಿ ಒಂದನ್ನು ಮನೆಯಲ್ಲಿ ಕೂತು ಯೋಚಿಸಿ. ದಾನಿಗೆ ವಯಸ್ಸಾಗಿದ್ದರೆ ಅಥವಾ ಬಿಪಿ ಇದ್ದರೆ ಅವರ ಕಿಡ್ನಿ ಸ್ವಲ್ಪ ಕಡಿಮೆ ಗುಣಮಟ್ಟದ್ದಾಗಿರಬಹುದು. ಅಂಥದ್ದು ಸಿಕ್ಕರೆ ಒಪ್ಪುತ್ತೀರಾ? ಅರವತ್ತು ದಾಟಿದವರಿಗೆ, ಡಯಾಲಿಸಿಸ್ ತಡೆದುಕೊಳ್ಳಲು ಆಗದವರಿಗೆ ಒಪ್ಪುವುದೇ ಲಾಭ ಆಗಬಹುದು. ಇಪ್ಪತ್ತೈದರ ಹುಡುಗನಿಗೆ ಉತ್ತರ ಬೇರೆ ಇರಬಹುದು. ವೈದ್ಯರ ಜೊತೆ ಈಗಲೇ ಮಾತಾಡಿ. ಮಧ್ಯರಾತ್ರಿ ಎರಡು ಗಂಟೆಗೆ ಫೋನ್‌ನಲ್ಲಿ ತೀರ್ಮಾನಿಸುವ ವಿಷಯ ಇದಲ್ಲ.

ನೋಂದಣಿಯಾದ ಮೇಲೆ ನೋಂದಣಿ ಸಂಖ್ಯೆಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ಫೈಲ್ ಕೊಟ್ಟು ಬಂದದ್ದೇ ನೋಂದಣಿ ಎಂದು ತಿಳಿದು ವರ್ಷಗಟ್ಟಲೆ ಕಾದವರಿದ್ದಾರೆ. ಸಂಖ್ಯೆ ಸಿಗುವವರೆಗೆ ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ ಎಂದೇ ತಿಳಿಯಿರಿ.

ಹಂತ 5: ದುಡ್ಡಿನ ವ್ಯವಸ್ಥೆ

ಕಿಡ್ನಿಗೆ ಬೆಲೆ ಇಲ್ಲ. ದಾನಿಯ ಮನೆಯವರಿಗೆ ದುಡ್ಡು ಕೊಡುವಂತಿಲ್ಲ, ಅವರು ಕೇಳುವಂತಿಲ್ಲ. ಖರ್ಚೆಲ್ಲ ಆಸ್ಪತ್ರೆ, ಪರೀಕ್ಷೆ ಮತ್ತು ಔಷಧಿಯದು.

ಬಿಪಿಎಲ್ ಕಾರ್ಡ್ ಇದ್ದರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುವ ಅಂಗಾಂಗ ಕಸಿ ಯೋಜನೆಯ ನೆರವಿದೆ. ಆದರೆ ಎಲ್ಲ ಆಸ್ಪತ್ರೆಗಳೂ ಇದರಡಿ ಬರುವುದಿಲ್ಲ. ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಮೊದಲೇ ಕಂಡು ಏನೇನು ಕಾಗದ ಬೇಕು, ಯಾವುದನ್ನು ಮುಂಚೆಯೇ ಮಾಡಿಸಿಡಬಹುದು ಎಂದು ಕೇಳಿ. ರಾಷ್ಟ್ರೀಯ ಅಂಗಾಂಗ ಕಸಿ ಕಾರ್ಯಕ್ರಮದಡಿ ಬಡ ರೋಗಿಗಳಿಗೆ ಕಸಿಯ ನಂತರದ ಔಷಧಿಗೆ ತಿಂಗಳಿಗೆ 10,000 ರೂಪಾಯಿವರೆಗೆ ನೆರವಿನ ಅವಕಾಶ ಇದೆ. ಮುಖ್ಯಮಂತ್ರಿಗಳ ಪರಿಹಾರ ನಿಧಿ, ಇಎಸ್‌ಐ, ಸ್ವಂತ ವಿಮೆ ಇವನ್ನೂ ವಿಚಾರಿಸಿ.

ಜನ ಆಪರೇಷನ್‌ಗೆ ಹೇಗೋ ಒದ್ದಾಡಿ ದುಡ್ಡು ಹೊಂದಿಸುತ್ತಾರೆ. ಆಮೇಲೆ ಪ್ರತಿ ತಿಂಗಳ ಮಾತ್ರೆಗೆ ಇಲ್ಲದೆ ಕುಸಿಯುತ್ತಾರೆ. ಮಾತ್ರೆ ನಿಂತರೆ ಕಿಡ್ನಿ ನಿಲ್ಲುತ್ತದೆ. ಆದ್ದರಿಂದ ಲೆಕ್ಕ ಹಾಕುವಾಗ ಮೊದಲ ವರ್ಷದ ಔಷಧಿ ಮತ್ತು ರಕ್ತಪರೀಕ್ಷೆಯ ಖರ್ಚನ್ನು ಆಪರೇಷನ್ ಖರ್ಚಿನ ಜೊತೆಗೇ ಸೇರಿಸಿ.

ಎಚ್ಚರಿಕೆ: "ಪಟ್ಟಿಯಲ್ಲಿ ಮೇಲೆ ತರುತ್ತೇನೆ", "ಕಿಡ್ನಿ ಕೊಡಿಸುತ್ತೇನೆ" ಎಂದು ಬರುವವರು ಮೋಸಗಾರರು. ಫೇಸ್‌ಬುಕ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಆಸ್ಪತ್ರೆಗಳ ಹೆಸರು ಹಾಕಿಕೊಂಡೇ ಬರುತ್ತಾರೆ. ಮುಂಗಡ ಹೋದರೆ ಹೋಯಿತು. ಅಂಗಾಂಗ ಮಾರಾಟ ಮತ್ತು ಖರೀದಿಗೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ ಇದೆ. ಕೊಂಡವರಿಗೂ ಶಿಕ್ಷೆ ತಪ್ಪಿದ್ದಲ್ಲ.

ಹಂತ 6: ಕಾಯುವ ಕಾಲ

ಪಟ್ಟಿಯಲ್ಲಿ ನಿಮ್ಮ ಹೆಸರು 'ಆ್ಯಕ್ಟಿವ್' ಅಥವಾ 'ಇನ್‌ಆ್ಯಕ್ಟಿವ್' ಆಗಿರುತ್ತದೆ. ಜ್ವರ, ಸೋಂಕು, ಹೃದಯದ ತೊಂದರೆ, ಹಳೆಯ ರಿಪೋರ್ಟ್ ಇದ್ದರೆ ಇನ್‌ಆ್ಯಕ್ಟಿವ್ ಮಾಡುತ್ತಾರೆ. ಆಗ ಹೆಸರು ಇರುತ್ತದೆ, ಆದರೆ ಕರೆ ಬರುವುದಿಲ್ಲ. ಮೇಲೆ ಹೇಳಿದ "ಎರಡು ವರ್ಷ ಆಯ್ತು, ಯಾರೂ ಕರೆದಿಲ್ಲ" ಎಂಬ ಪ್ರಶ್ನೆಗೆ ಕೆಲವು ಸಲ ಉತ್ತರ ಇಲ್ಲೇ ಇರುತ್ತದೆ. ಕಾಯಿಲೆ ವಾಸಿಯಾಗಿರುತ್ತದೆ. ಮತ್ತೆ ಆ್ಯಕ್ಟಿವ್ ಮಾಡಿಸಲು ಮರೆತಿರುತ್ತಾರೆ.

ತಿಂಗಳಿಗೊಮ್ಮೆ ಕೋಆರ್ಡಿನೇಟರ್‌ಗೆ ಫೋನ್ ಮಾಡಿ. "ನನ್ನ ನಂಬರ್ ಎಷ್ಟು?" ಎಂದು ಕೇಳುವುದಕ್ಕಿಂತ "ನಾನು ಆ್ಯಕ್ಟಿವ್ ಇದ್ದೀನಾ? ಯಾವ ಪರೀಕ್ಷೆ ಬಾಕಿ ಇದೆ? ರಕ್ತದ ಸ್ಯಾಂಪಲ್ ಮತ್ತೆ ಕೊಡಬೇಕಾ?" ಎಂದು ಕೇಳಿ. ಅಂಕಗಳು ದಾನಿಯಿಂದ ದಾನಿಗೆ ಲೆಕ್ಕವಾಗುವುದರಿಂದ ನಂಬರ್ ಸ್ಥಿರವಾಗಿ ಇರುವುದೇ ಇಲ್ಲ.

ಫೋನ್ ವಿಷಯ ಸಣ್ಣದು ಎನಿಸಬಹುದು, ಆದರೆ ಹಾಗಲ್ಲ. ಕನಿಷ್ಠ ಮೂರು ನಂಬರ್ ಕೊಡಿ. ರಾತ್ರಿ ಸೈಲೆಂಟ್‌ನಲ್ಲಿ ಇಡಬೇಡಿ. ಕೋಆರ್ಡಿನೇಟರ್ ಮತ್ತು ಆಸ್ಪತ್ರೆಯ ನಂಬರ್‌ಗಳನ್ನು ಹೆಸರು ಹಾಕಿ ಸೇವ್ ಮಾಡಿ. ಗೊತ್ತಿಲ್ಲದ ಕರೆಗಳನ್ನು ತಡೆಯುವ ಆ್ಯಪ್ ಇದ್ದರೆ ಆ ನಂಬರ್‌ಗಳನ್ನು ತಡೆಯದಂತೆ ನೋಡಿಕೊಳ್ಳಿ. ಸಿಮ್ ಬದಲಿಸಿದರೆ ಅದೇ ದಿನ ತಿಳಿಸಿ. ತಿರುಪತಿಗೋ ಧರ್ಮಸ್ಥಳಕ್ಕೋ ಹೋಗುವುದಿದ್ದರೂ ಹೇಳಿ ಹೋಗಿ.

ದೇಹದ ಬಗ್ಗೆ: ಡಯಾಲಿಸಿಸ್ ತಪ್ಪಿಸಬೇಡಿ. ಎರಡು ಡಯಾಲಿಸಿಸ್ ನಡುವೆ ತೂಕ ಏರದಂತೆ ನೀರು ಹಿಡಿತದಲ್ಲಿರಲಿ. ಪೊಟ್ಯಾಸಿಯಂ ಮೇಲೆ ಕಣ್ಣಿಡಿ. ಅದು ಹೆಚ್ಚಿದ್ದರೆ ಕರೆ ಬಂದ ದಿನ ಆಪರೇಷನ್‌ಗೆ ಮೊದಲು ಡಯಾಲಿಸಿಸ್ ಮಾಡಬೇಕಾಗುತ್ತದೆ, ಸಮಯ ಹೋಗುತ್ತದೆ. ಎಳನೀರು ಬೇಡ. ಕಮರಾಕ್ಷಿ ಹಣ್ಣನ್ನು ಬಾಯಿಗೇ ಇಡಬೇಡಿ. ಕರಾವಳಿಯವರು ಇದನ್ನು ಧಾರೆಹುಳಿ ಎನ್ನುತ್ತಾರೆ. ಕಿಡ್ನಿ ಕೆಟ್ಟವರಲ್ಲಿ ಇದರ ವಿಷ ಮಿದುಳಿಗೆ ಏರಿ ಬಿಕ್ಕಳಿಕೆ, ಗೊಂದಲ, ಫಿಟ್ಸ್, ಸಾವು ತಂದ ಉದಾಹರಣೆಗಳಿವೆ. ಬೀಡಿ, ಸಿಗರೇಟ್, ತಂಬಾಕು ಬಿಡಿ. ಸಕ್ಕರೆ ಕಾಯಿಲೆ ಇರುವವರು ದಿನವೂ ಪಾದ ನೋಡಿಕೊಳ್ಳಿ.

ಹಂತ 7: ಕರೆ ಬಂದಾಗ

ದಾನಿಯಿಂದ ತೆಗೆದ ಕಿಡ್ನಿಯನ್ನು ತಣ್ಣಗಿನ ದ್ರವದಲ್ಲಿ ಇಟ್ಟಿರುತ್ತಾರೆ. ಸಾಮಾನ್ಯವಾಗಿ 24 ಗಂಟೆಯೊಳಗೆ, ಸಾಧ್ಯವಾದಷ್ಟು ಬೇಗ ಕಸಿ ಆಗಬೇಕು. ತಡವಾದಷ್ಟೂ ಅದು ಕೆಲಸ ಶುರು ಮಾಡುವುದು ನಿಧಾನ. ಹಾಗಾಗಿ ಫೋನ್ ಇಟ್ಟ ಮೇಲೆ ಈ ಕ್ರಮದಲ್ಲಿ ನಡೆಯಿರಿ:

1. ಆ ಕ್ಷಣದಿಂದ ಏನೂ ತಿನ್ನಬೇಡಿ, ಕುಡಿಯಬೇಡಿ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಏನು ಮಾಡಬೇಕೆಂದು ಅದೇ ಫೋನ್‌ನಲ್ಲಿ ಕೇಳಿ.
2. ನಿಜ ಹೇಳಿ. ಜ್ವರ, ಕೆಮ್ಮು, ಭೇದಿ, ಗಾಯ, ಈಚೆಗೆ ಹಾಕಿಸಿಕೊಂಡ ರಕ್ತ, ರಕ್ತ ತೆಳುವಾಗಿಸುವ ಮಾತ್ರೆ, ಕೊನೆಯ ಡಯಾಲಿಸಿಸ್ ದಿನ. ಅವಕಾಶ ತಪ್ಪುತ್ತದೆ ಎಂದು ಜ್ವರ ಮುಚ್ಚಿಟ್ಟರೆ ಆಪರೇಷನ್ ನಂತರ ಅದೇ ಸೋಂಕು ಜೀವ ತೆಗೆಯಬಹುದು.
3. ಮೊದಲೇ ಕಟ್ಟಿಟ್ಟ ಬ್ಯಾಗ್ ಎತ್ತಿಕೊಳ್ಳಿ. ಅದರಲ್ಲಿ ಫೈಲ್, ಆಧಾರ್, ರೇಷನ್ ಕಾರ್ಡ್, ಯೋಜನೆಯ ಕಾಗದ, ಈಗಿನ ಮಾತ್ರೆಗಳು, ಸ್ವಲ್ಪ ನಗದು ಇರಲಿ.
4. ಹೊರಡಿ. ಯಾವ ಗಾಡಿ, ಯಾರು ಓಡಿಸುತ್ತಾರೆ ಎಂಬುದು ಮೊದಲೇ ನಿಶ್ಚಯವಾಗಿರಬೇಕು. ಸಹಿ ಹಾಕಿ ತೀರ್ಮಾನ ತೆಗೆದುಕೊಳ್ಳಬಲ್ಲ ಒಬ್ಬರು ಜೊತೆಗಿರಲಿ.

ಒಂದು ಕಿಡ್ನಿಗೆ ಒಬ್ಬರಿಗಿಂತ ಹೆಚ್ಚು ಜನರನ್ನು ಕರೆಯುತ್ತಾರೆ. ಇದನ್ನು ಮನೆಯವರಿಗೆಲ್ಲ ಮೊದಲೇ ತಿಳಿಸಿ. ಮೊದಲಿನವರಿಗೆ ಕ್ರಾಸ್‌ಮ್ಯಾಚ್ ಪಾಸಿಟಿವ್ ಬಂದರೆ ಅಥವಾ ಜ್ವರ ಇದ್ದರೆ ಕಿಡ್ನಿ ವ್ಯರ್ಥವಾಗಬಾರದು ಎಂಬುದು ಉದ್ದೇಶ. ಕ್ರಾಸ್‌ಮ್ಯಾಚ್ ಫಲಿತಾಂಶಕ್ಕೆ ಹಲವು ಗಂಟೆ ಬೇಕು. ಕೆಲವು ಸಲ ಕಿಡ್ನಿಯನ್ನು ತೆಗೆದು ನೋಡಿದ ಮೇಲೆ ಚೆನ್ನಾಗಿಲ್ಲ ಎಂದು ಬಿಡುವುದೂ ಇದೆ. ರಾತ್ರಿಯಿಡೀ ಹಸಿದು ಕಾದು ಬೆಳಿಗ್ಗೆ ಮನೆಗೆ ವಾಪಸ್ ಬರುವುದು ತುಂಬಾ ನೋವಿನ ವಿಷಯ. ಒಂದಕ್ಕಿಂತ ಹೆಚ್ಚು ಸಲ ಹೀಗಾದವರಿದ್ದಾರೆ. ಹೀಗೆ ವಾಪಸ್ ಬಂದರೆ ನಿಮ್ಮ ಹಿರಿತನ ಹೋಗುವುದಿಲ್ಲ. ನಿಮ್ಮನ್ನು ಕರೆದರು ಎಂದರೆ ಸರದಿ ಹತ್ತಿರ ಬಂದಿದೆ ಎಂದೇ ಅರ್ಥ.

ಹಂತ 8: ಆಪರೇಷನ್ ಮತ್ತು ಮೊದಲ ವಾರಗಳು

ಆಪರೇಷನ್ ಮೂರು ನಾಲ್ಕು ಗಂಟೆಯದು. ಹೊಸ ಕಿಡ್ನಿಯನ್ನು ಕೆಳಹೊಟ್ಟೆಯ ಒಂದು ಬದಿಯಲ್ಲಿ ಇಡುತ್ತಾರೆ. ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಮೂತ್ರದ ನಾಳದೊಳಗೆ ಸ್ಟೆಂಟ್ ಎಂಬ ತೆಳು ಕೊಳವೆ ಇಟ್ಟು, ಕೆಲವು ವಾರಗಳ ನಂತರ ತೆಗೆಯುತ್ತಾರೆ. ಅದನ್ನು ತೆಗೆಸುವ ದಿನಾಂಕ ಕೇಳಿ ಬರೆದಿಟ್ಟುಕೊಳ್ಳಿ. ಒಳಗೇ ಉಳಿದರೆ ಸೋಂಕು ಆಗಬಹುದು.

ಮನೆಯವರು ತುಂಬಾ ಹೆದರುವುದು ಒಂದು ವಿಷಯಕ್ಕೆ: ಆಪರೇಷನ್ ಆದ ಮೇಲೂ ಡಯಾಲಿಸಿಸ್ ಮಾಡುತ್ತಿದ್ದಾರೆ ಎಂದು. ಮೃತ ದಾನಿಯ ಕಿಡ್ನಿ ಕೆಲವು ಗಂಟೆ ರಕ್ತವಿಲ್ಲದೆ ತಣ್ಣಗೆ ಇದ್ದು ಬಂದಿರುತ್ತದೆ. ಎಚ್ಚರಗೊಳ್ಳಲು ಕೆಲವು ದಿನ, ಕೆಲವೊಮ್ಮೆ ವಾರಗಳೇ ಬೇಕಾಗಬಹುದು. ಅಲ್ಲಿಯವರೆಗೆ ಡಯಾಲಿಸಿಸ್ ಮುಂದುವರಿಯುತ್ತದೆ. ಕಸಿ ವಿಫಲವಾಯಿತು ಎಂದಲ್ಲ. ಮನೆಯವರ ಕಿಡ್ನಿ ಪಡೆದ ಪಕ್ಕದ ಬೆಡ್‌ನವರಿಗೆ ಮೊದಲ ದಿನವೇ ಮೂತ್ರ ಬಂದಿತು ಎಂದು ಹೋಲಿಸಿ ಸಂಕಟಪಡಬೇಡಿ.

ಹಂತ 9: ಮನೆಗೆ ಬಂದ ಮೇಲೆ

ಹೆಚ್ಚಿನವರಿಗೆ ಮೂರು ಔಷಧಿ ಇರುತ್ತವೆ: ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್. ಹೊಸ ಕಿಡ್ನಿಯನ್ನು ದೇಹ ಪರಕೀಯ ಎಂದು ತಿರಸ್ಕರಿಸದಂತೆ ಇವು ತಡೆಯುತ್ತವೆ. ಕಿಡ್ನಿ ಇರುವಷ್ಟು ದಿನವೂ ಬೇಕು. "ಚೆನ್ನಾಗಿದ್ದೀನಲ್ಲ, ಇನ್ಯಾಕೆ?" ಎಂದು ನಿಲ್ಲಿಸಿದವರು ಕಿಡ್ನಿ ಕಳೆದುಕೊಂಡಿದ್ದಾರೆ.

ಟ್ಯಾಕ್ರೊಲಿಮಸ್ ಅನ್ನು ದಿನಕ್ಕೆರಡು ಸಲ ಕೊಟ್ಟಿದ್ದರೆ ಸರಿಯಾಗಿ 12 ಗಂಟೆ ಅಂತರ ಇರಲಿ. ರಕ್ತದಲ್ಲಿ ಅದರ ಮಟ್ಟ ನೋಡುವ ದಿನ ಬೆಳಿಗ್ಗೆಯ ಮಾತ್ರೆ ನುಂಗುವ ಮೊದಲೇ ರಕ್ತ ಕೊಡಿ. ನುಂಗಿ ಹೋದರೆ ಫಲಿತಾಂಶ ತಪ್ಪು ಬರುತ್ತದೆ, ಅದನ್ನು ನಂಬಿ ಡೋಸ್ ಬದಲಾಗುತ್ತದೆ. ಅಂಗಡಿಯವರು ಬೇರೆ ಕಂಪನಿಯ ಮಾತ್ರೆ ಕೊಟ್ಟರೆ ವೈದ್ಯರನ್ನು ಕೇಳದೆ ಬದಲಿಸಬೇಡಿ.

ಚಕ್ಕೋತ ತಿನ್ನಬೇಡಿ. ದೇವನಹಳ್ಳಿ ಕಡೆಯವರಿಗೆ ಇದು ಕಷ್ಟದ ಮಾತು, ಆದರೂ ಹೇಳಲೇಬೇಕು. ಚಕ್ಕೋತ ಮತ್ತು ಗ್ರೇಪ್‌ಫ್ರೂಟ್ ಟ್ಯಾಕ್ರೊಲಿಮಸ್ ಮಟ್ಟವನ್ನು ವಿಪರೀತ ಏರಿಸಬಲ್ಲವು. ಅದು ಏರಿದರೆ ಕಿಡ್ನಿಗೇ ಪೆಟ್ಟು. ಇಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಬೇಡ. ಕೆಲವು ಆ್ಯಂಟಿಬಯಾಟಿಕ್, ಫಂಗಸ್ ಔಷಧಿ, ಕ್ಷಯದ ಔಷಧಿಗಳೂ ಈ ಮಟ್ಟವನ್ನು ಏರಿಳಿಸುತ್ತವೆ. ಊರಿನ ಡಾಕ್ಟರ್ ಏನೇ ಬರೆದರೂ ಕಸಿ ಆಸ್ಪತ್ರೆಗೆ ಒಂದು ಫೋನ್ ಮಾಡಿ. ಅಮೃತಬಳ್ಳಿ, ಅಶ್ವಗಂಧದಂಥ 'ಶಕ್ತಿ ಹೆಚ್ಚಿಸುವ' ಕಷಾಯ, ಪುಡಿಗಳನ್ನು ನೆಂಟರು ಪ್ರೀತಿಯಿಂದಲೇ ತಂದುಕೊಡುತ್ತಾರೆ. ನಿಮ್ಮ ರೋಗನಿರೋಧಕ ಶಕ್ತಿಯನ್ನು ವೈದ್ಯರು ಬೇಕೆಂದೇ ತಗ್ಗಿಸಿದ್ದಾರೆ. ಅದನ್ನು ಹೆಚ್ಚಿಸುವುದು ಕಿಡ್ನಿಗೆ ಅಪಾಯ.

ಮೊದಲ ಕೆಲವು ತಿಂಗಳು ಜಾತ್ರೆ, ಮದುವೆ, ತುಂಬಿದ ಬಸ್ ಬೇಡ. ಕುದಿಸಿದ ನೀರು, ಬಿಸಿ ಅಡುಗೆ. ಹೊರಗಿನ ಹಸಿ ಚಟ್ನಿ, ಕತ್ತರಿಸಿಟ್ಟ ಹಣ್ಣು ಬೇಡ. ರೈತರು, ಹಸು ಸಾಕುವವರು ಕೊಟ್ಟಿಗೆ ಮತ್ತು ಗೊಬ್ಬರದ ಕೆಲಸವನ್ನು ಬೇರೆಯವರಿಗೆ ಬಿಡಿ. ಆಮೇಲೂ ಮಣ್ಣು ಮುಟ್ಟುವಾಗ ಗ್ಲೌಸ್, ಮಾಸ್ಕ್ ಇರಲಿ. ಒಣ ಗೊಬ್ಬರದ ಧೂಳಿನಲ್ಲಿ ಫಂಗಸ್ ಇರುತ್ತದೆ.

ಈ ಔಷಧಿಗಳಿಂದ ಹೊಸದಾಗಿ ಸಕ್ಕರೆ ಕಾಯಿಲೆ ಬರಬಹುದು, ಪರೀಕ್ಷೆ ಮಾಡಿಸುತ್ತಿರಿ. ಮೈಕೊಫಿನೊಲೇಟ್ ತೆಗೆದುಕೊಳ್ಳುವ ಹೆಂಗಸರು ಬಸುರಾದರೆ ಮಗುವಿಗೆ ಅಪಾಯ. ಮಗು ಬೇಕೆಂದರೆ ಮೊದಲೇ ವೈದ್ಯರಿಗೆ ಹೇಳಿ. ಔಷಧಿ ಬದಲಿಸಿ, ಕಾದು, ಆರೋಗ್ಯವಂತ ಮಗು ಪಡೆದವರು ತುಂಬಾ ಜನ ಇದ್ದಾರೆ.

ಈ ಲಕ್ಷಣ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ: ಜ್ವರ 100.4 ಡಿಗ್ರಿ ದಾಟುವುದು, ಮೂತ್ರ ಕಡಿಮೆಯಾಗುವುದು, ಒಂದೇ ದಿನಕ್ಕೆ ಒಂದು ಕಿಲೊ ತೂಕ ಏರುವುದು, ಕಾಲು ಊತ, ಕಿಡ್ನಿ ಇಟ್ಟ ಜಾಗದಲ್ಲಿ ನೋವು, ನಿಲ್ಲದ ವಾಂತಿ ಭೇದಿ. ವಾಂತಿಯಾದರೆ ಮಾತ್ರೆಯೂ ಹೊರಗೆ ಹೋಗುತ್ತದೆ ಎಂಬುದು ನೆನಪಿರಲಿ. ತಿರಸ್ಕಾರ ಎಷ್ಟೋ ಸಲ ಯಾವ ಲಕ್ಷಣವೂ ಇಲ್ಲದೆ ಶುರುವಾಗುತ್ತದೆ. ಮೊದಲು ತೋರಿಸುವುದು ರಕ್ತದ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ಒಂದು ಕಸ. ಕಿಡ್ನಿ ಸೋತರೆ ಅದು ರಕ್ತದಲ್ಲಿ ಏರುತ್ತದೆ. ಅದಕ್ಕೇ ಪರೀಕ್ಷೆಯ ದಿನ ತಪ್ಪಿಸಬಾರದು.

ಕೊನೆಗೆ ಉಳಿದ ಎರಡು ಪ್ರಶ್ನೆ

ದಾನಿ ಯಾರೆಂದು ಹೇಳುತ್ತಾರಾ? ಇಲ್ಲ, ಎರಡೂ ಕಡೆಯವರ ಹೆಸರು ಗುಟ್ಟಾಗಿಡುತ್ತಾರೆ. ಪತ್ರಿಕೆ ಸುದ್ದಿ ನೋಡಿ ಲೆಕ್ಕ ಹಾಕಿ ಆ ಮನೆಯನ್ನು ಹುಡುಕಿಕೊಂಡು ಹೋಗಬೇಡಿ. ಅವರು ಇನ್ನೂ ದುಃಖದಲ್ಲಿರುತ್ತಾರೆ.

ಈ ಕಿಡ್ನಿ ಎಷ್ಟು ವರ್ಷ ಬರುತ್ತದೆ? ಮೃತ ದಾನಿಯ ಕಿಡ್ನಿ ಸುಮಾರಾಗಿ ಹತ್ತು ವರ್ಷ, ಅದಕ್ಕಿಂತ ಸ್ವಲ್ಪ ಹೆಚ್ಚು ಕೆಲಸ ಮಾಡುತ್ತದೆ. ಇಪ್ಪತ್ತು ದಾಟಿದವರೂ ಇದ್ದಾರೆ, ಮೊದಲ ವರ್ಷವೇ ಕಳೆದುಕೊಂಡವರೂ ಇದ್ದಾರೆ. ಅದು ನಿಂತರೆ ಮತ್ತೆ ಡಯಾಲಿಸಿಸ್‌ಗೆ ಮರಳಬಹುದು. ದೇಹ ತಡೆಯುವುದಾದರೆ ಇದೇ ಪಟ್ಟಿಯಲ್ಲಿ ಮತ್ತೊಮ್ಮೆ ಹೆಸರು ಬರೆಸಬಹುದು. ಆದ್ದರಿಂದ ಕಸಿಯಾದ ಮೇಲೂ ಕೈಯ ಫಿಸ್ಟುಲಾ ಚೆನ್ನಾಗಿದ್ದರೆ ಅದನ್ನು ಕಾಪಾಡಿಕೊಳ್ಳಿ. ಆ ಕೈಯಲ್ಲಿ ಬಿಪಿ ನೋಡಲು, ರಕ್ತ ತೆಗೆಯಲು ಬಿಡಬೇಡಿ.